ಆರ್‌ಟಿಸಿ ಅಂದ್ರೆ ನಿಜವಾಗಿ ಏನು? ಪಹಣಿನಾ, ಬಸ್ಸಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಊರಿನ ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅಪ್ಪನ ಹೆಸರಿಗೆ ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸೋದು) ಮಾಡಿಸಲು ಹೊರಟಿದ್ದೇನೆ. ಅರ್ಜಿ ಜೊತೆ ಆರ್‌ಟಿಸಿ ಇಡಿ ಅಂದರು. ಆರ್‌ಟಿಸಿ ಅಂದ್ರೆ ಪಹಣಿ, ಜಮೀನಿನ ದಾಖಲೆ ಅನ್ನೋದು ಗೊತ್ತು. ಆದರೆ ಆ ಮೂರು ಅಕ್ಷರ ಯಾವುದರದ್ದು ಅಂತ ಹುಡುಕಿದರೆ ತಲೆ ಕೆಡುತ್ತೆ. ಒಂದು ಕಡೆ 'ರೆಕಾರ್ಡ್ ಆಫ್ ಟೆನೆನ್ಸಿ ಆಂಡ್ ಕ್ರಾಪ್ಸ್' ಅಂತಿದೆ. ಇನ್ನೊಂದು ಕಡೆ 'ರೈಟ್ಸ್, ಟೆನೆನ್ಸಿ ಆಂಡ್ ಕಲ್ಟಿವೇಷನ್'. ಮತ್ತೊಂದರಲ್ಲಿ 'ರೆಕಾರ್ಡ್ ಆಫ್ ರೈಟ್ಸ್, ಟೆನೆನ್ಸಿ ಆಂಡ್ ಕ್ರಾಪ್ಸ್'. ನನ್ನ ಜೊತೆ ಕೆಲಸ ಮಾಡುವ ಹೈದರಾಬಾದ್ ಹುಡುಗನಂತೂ "ಆರ್‌ಟಿಸಿ ಅಂದ್ರೆ ಬಸ್ ಅಲ್ವಾ?" ಅಂತಾನೆ.

ನನ್ನ ಮುಖ್ಯ ಪ್ರಶ್ನೆ ಬೇರೆ. ನಮ್ಮ ಜಮೀನಿನಲ್ಲಿ ಗೇಣಿದಾರರು ಯಾರೂ ಇಲ್ಲ. ನಾವೇ ಉಳುತ್ತೇವೆ. ಹಾಗಿದ್ದ ಮೇಲೆ ನಮ್ಮ ಕಾಗದದಲ್ಲಿ 'ಟೆನೆನ್ಸಿ', ಅಂದರೆ ಗೇಣಿ, ಯಾಕಿದೆ?

ಮಂಡ್ಯ_ಕಬ್ಬು
ಪಹಣಿ ಅಂದ್ರೆ ಪಹಣಿ. ನಾಡಕಚೇರಿಗೆ ಹೋಗಿ, ಸರ್ವೆ ನಂಬರ್ ಹೇಳಿ, ತಗೊಂಡು ಬನ್ನಿ. ಅಕ್ಷರ ಬಿಡಿಸ್ತಾ ಕೂತರೆ ಪೌತಿ ಖಾತೆ ಆಗಲ್ಲ.

ಬಳ್ಳಾರಿ_ಬಿಸಿಲು
ನಿಮ್ಮ ಹೈದರಾಬಾದ್ ಹುಡುಗ ಹೇಳಿದ್ದು ಸರಿ ಇದೆ. ನಮ್ಮ ಗಡಿ ಕಡೆ 'ಆರ್‌ಟಿಸಿ ಬಸ್' ಅಂತಲೇ ಅಂತಾರೆ. ಹೈದರಾಬಾದಿನಲ್ಲಿ ಆರ್‌ಟಿಸಿ ಕ್ರಾಸ್ ರೋಡ್ಸ್ ಅಂತ ದೊಡ್ಡ ಜಂಕ್ಷನ್ನೇ ಇದೆ. ಅಲ್ಲಿ ಹೋಗಿ ಆರ್‌ಟಿಸಿ ಬೇಕು ಅಂದ್ರೆ ಬಸ್ ಸ್ಟಾಪ್ ತೋರಿಸ್ತಾರೆ.

ಕಂದಾಯ_ನಿವೃತ್ತ
ಕಂದಾಯ ಇಲಾಖೆಯಲ್ಲಿ ಬದುಕು ಕಳೆದವನು ನಾನು. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

'ರೆಕಾರ್ಡ್ ಆಫ್ ರೈಟ್ಸ್, ಟೆನೆನ್ಸಿ ಆಂಡ್ ಕ್ರಾಪ್ಸ್' ಅನ್ನೋದೇ ಪೂರ್ತಿ ರೂಪ. ಕನ್ನಡದಲ್ಲಿ ಹಕ್ಕು, ಗೇಣಿ ಮತ್ತು ಪಹಣಿ ಪತ್ರಿಕೆ. ಹಕ್ಕು ಅಂದರೆ ಯಾರ ಜಮೀನು, ಹೇಗೆ ಬಂತು, ಅದರ ಮೇಲೆ ಏನು ಸಾಲ ಇದೆ. ಗೇಣಿ ಅಂದರೆ ಯಾರು ಉಳುತ್ತಿದ್ದಾರೆ, ಸ್ವಂತಕ್ಕೋ ಗೇಣಿಗೋ. ಪಹಣಿ ಅಂದರೆ ಆ ವರ್ಷ ಏನು ಬೆಳೆದಿದೆ. ಈ ಮೂರೂ ಒಂದೇ ಹಾಳೆಯಲ್ಲಿ ಇರೋದರಿಂದ ಆ ಹೆಸರು. 1964ರ ಭೂಕಂದಾಯ ಕಾಯ್ದೆ, 1966ರ ನಿಯಮಗಳ ಪ್ರಕಾರ ಇದು ನಮೂನೆ 16. ಹಳೆ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಅಂತ ಐದು ಕಡೆಯಿಂದ ಬಂದ ಜಿಲ್ಲೆಗಳಲ್ಲಿ ಮೊದಲು ಐದು ರೀತಿಯ ಕಂದಾಯ ಪದ್ಧತಿ ಇತ್ತು. ಅದನ್ನು ಒಂದು ಮಾಡಿದ್ದು ಈ 1964ರ ಕಾಯ್ದೆ.

ಕಾಲಂ 9ರಲ್ಲಿ ಖಾತೆದಾರರ ಹೆಸರು. 10ರಲ್ಲಿ ಜಮೀನು ಅವರಿಗೆ ಹೇಗೆ ಬಂತು ಅನ್ನೋದು. 11ರಲ್ಲಿ ಸಾಲ, ಕೋರ್ಟ್ ತಡೆ ಮುಂತಾದ ಋಣ. 12ರಲ್ಲಿ ಸಾಗುವಳಿದಾರನ ಹೆಸರು, ಸಾಗುವಳಿ ಪದ್ಧತಿ, ಬೆಳೆ. ಪಹಣಿ ತಗೊಂಡವರು ಹೆಚ್ಚಿನವರು 9 ಮತ್ತು 11 ನೋಡಿ ಮಡಚಿ ಇಡುತ್ತಾರೆ. ನೀವು ಕೇಳಿದ ಟೆನೆನ್ಸಿ ಇರೋದು 12ರಲ್ಲಿ.

ಚಿಪ್_ಕೆಲಸ
ಹಾಗಾದ್ರೆ ಅದು ಆರ್‌ಆರ್‌ಟಿಸಿ ಆಗಬೇಕಿತ್ತಲ್ಲ ಸಾರ್? ರೆಕಾರ್ಡ್‌ಗೆ ಒಂದು ಆರ್, ರೈಟ್ಸ್‌ಗೆ ಒಂದು ಆರ್.

ಕಂದಾಯ_ನಿವೃತ್ತ
ಲೆಕ್ಕದ ಪ್ರಕಾರ ಹೌದು. ಬಳಕೆಯಲ್ಲಿ ಒಂದು ಆರ್ ಬಿದ್ದುಹೋಗಿದೆ. ಅದಕ್ಕೇ ಒಬ್ಬರು ಉಳಿದ ಆರ್ ಅನ್ನು ರೆಕಾರ್ಡ್ ಅಂತ ಬಿಡಿಸ್ತಾರೆ, ಇನ್ನೊಬ್ಬರು ರೈಟ್ಸ್ ಅಂತ ಬಿಡಿಸ್ತಾರೆ. ಸಿ ಕೂಡ ಹಾಗೇ. ಕ್ರಾಪ್ಸ್ ಅಂದರೂ ಕಲ್ಟಿವೇಷನ್ ಅಂದರೂ ಕಾಲಂ 12 ಬದಲಾಗಲ್ಲ.

ಜವಾರಿ_ಜೋಳ
ನಮ್ಮ ಕಡೆ ಪಹಣಿ ಅನ್ನೋದೂ ಕಡಿಮೆ. 'ಉತಾರ' ಅಂತೀವಿ. ಹೊಲದ ಉತಾರ ತಗೊಂಡು ಬಾ ಅಂದ್ರೆ ಮುಗೀತು. ಮಹಾರಾಷ್ಟ್ರದವರ 'ಸಾತ್‌ಬಾರಾ ಉತಾರಾ' ಗೊತ್ತಲ್ಲ, ಅದೇ ಮಾತು. ಅವರ ನಮೂನೆ 7ರಲ್ಲಿ ಹಕ್ಕು, ನಮೂನೆ 12ರಲ್ಲಿ ಬೆಳೆ. ಎರಡೂ ಸೇರಿಸಿ ಏಳು-ಹನ್ನೆರಡು. ನಮ್ಮಲ್ಲಿ ಎರಡೂ ಕೂಡಿ ನಮೂನೆ 16 ಆಯ್ತು. ಉತಾರ ಅಂದರೆ ದೊಡ್ಡ ಪುಸ್ತಕದಿಂದ ಇಳಿಸಿಕೊಂಡ ನಕಲು. ಪಹಣಿನೂ ಮರಾಠಿ ಕಡೆಯದೇ. 'ಪಾಹಣೀ' ಅಂದ್ರೆ ಅಲ್ಲಿ ನೋಡೋದು, ತಪಾಸಣೆ ಮಾಡೋದು. ಹೊಲಕ್ಕೆ ಬಂದು, ಬೆಳೆ ಕಣ್ಣಾರೆ ನೋಡಿ ಬರೆಯಬೇಕಾದ ಕಾಗದ ಅದು. ಈಗ ಕಂಪ್ಯೂಟರಿನಿಂದ ಬರುತ್ತೆ, ಎಷ್ಟೋ ಸಲ ಹೊಲ ನೋಡಿದವರೇ ಇರಲ್ಲ. ನಮ್ಮ ಕಡಲೆ ಹೊಲಕ್ಕೆ ಜೋಳ ಅಂತ ಬಂದಿತ್ತು.

ಬಸ್_ಹುಚ್ಚ
ಬಸ್ಸಿನ ಆರ್‌ಟಿಸಿಯನ್ನು ಯಾರೂ ಮುಂದುವರಿಸಲಿಲ್ಲ, ನಾನೇ ಹೇಳ್ತೀನಿ. ರೋಡ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್. 1950ರಲ್ಲಿ ಕೇಂದ್ರ ಸರ್ಕಾರ ಇದೇ ಹೆಸರಿನ ಕಾಯ್ದೆ ತಂತು. ಆ ಕಾಯ್ದೆ ಕೆಳಗೆ ಹುಟ್ಟಿದ ಎಷ್ಟೋ ರಾಜ್ಯ ನಿಗಮಗಳಿಗೆ ಬಾಲದಲ್ಲಿ ಆರ್‌ಟಿಸಿ ಅಂಟಿಕೊಂಡಿದೆ. ಆಂಧ್ರದ್ದು ಎಪಿಎಸ್‌ಆರ್‌ಟಿಸಿ, ಗುಜರಾತಿನದು ಜಿಎಸ್‌ಆರ್‌ಟಿಸಿ, ಹೀಗೆ.

ನಮ್ಮಲ್ಲಿ 1948ರ ಸೆಪ್ಟೆಂಬರ್ 12ಕ್ಕೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. 1961ರಲ್ಲಿ ಅದು ನಿಗಮ ಆಯಿತು. ಹೆಸರು ಎಂಎಸ್‌ಆರ್‌ಟಿಸಿ. ಎಂ ಅಂದರೆ ಮೈಸೂರು, ಮಹಾರಾಷ್ಟ್ರ ಅಲ್ಲ! ರಾಜ್ಯದ ಹೆಸರು ಕರ್ನಾಟಕ ಆದಾಗ, 1973ರ ನವೆಂಬರ್ 1ಕ್ಕೆ, ಕೆಎಸ್‌ಆರ್‌ಟಿಸಿ ಆಯಿತು. 1997ರಲ್ಲಿ ಬೆಂಗಳೂರಿನದು ಬಿಎಂಟಿಸಿ ಆಗಿ ಬೇರೆಯಾಯಿತು. ಅದೇ ವರ್ಷ ಹುಬ್ಬಳ್ಳಿಯ ವಾಯವ್ಯ ನಿಗಮ, 2000ದಲ್ಲಿ ಕಲಬುರಗಿಯ ಈಶಾನ್ಯ ನಿಗಮ. ಈಶಾನ್ಯದ್ದು ಈಗ ಕಲ್ಯಾಣ ಕರ್ನಾಟಕ ನಿಗಮ.

ದುಬೈ_ಕನ್ನಡತಿ
ಕೇರಳದವರದ್ದೂ ಕೆಎಸ್‌ಆರ್‌ಟಿಸಿನೇ ಅಲ್ವಾ? ಇಲ್ಲಿ ನಮ್ಮ ಮಲಯಾಳಿ ಸ್ನೇಹಿತರು ಆ ಹೆಸರು ತಮ್ಮದು ಅಂತ ಈಗಲೂ ವಾದ ಮಾಡ್ತಾರೆ.

ಬಸ್_ಹುಚ್ಚ
ಅವರ ನಿಗಮ 1965ರದ್ದು. ನಮಗೆ ಆ ಹೆಸರು ಬಂದಿದ್ದು 1973ರಲ್ಲಿ. ಅವರ ವಾದಕ್ಕೆ ಬಲ ಇಲ್ಲ ಅಂತ ನಾನು ಹೇಳಲ್ಲ. ಆದರೆ ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸಿದ್ದು ನಮ್ಮವರು. ಕೇರಳದವರು ಅದನ್ನು ಪ್ರಶ್ನೆ ಮಾಡಿದರು. 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅವರ ಅರ್ಜಿಯನ್ನು ವಜಾ ಮಾಡಿತು. ಎರಡೂ ಕಡೆಯ ಬಸ್ಸುಗಳು ಇವತ್ತಿಗೂ ಅದೇ ಐದು ಅಕ್ಷರ ಹೊತ್ತು ಓಡ್ತಿವೆ. ಬೆಂಗಳೂರಿನಿಂದ ಕೋಯಿಕ್ಕೋಡಿಗೆ ಟಿಕೆಟ್ ತಗೊಳ್ಳೋರು ಯಾವ ರಾಜ್ಯದ್ದು ಅಂತ ನೋಡಿಕೊಂಡು ತಗೊಳ್ಳಿ.

ಇನ್ನೊಂದು. ನಂಬರ್ ಪ್ಲೇಟ್ ಗಮನಿಸಿ. ನಮ್ಮ ಸಾರಿಗೆ ನಿಗಮಗಳ ಬಸ್ಸಿಗೆ 'ಎಫ್' ಇರುತ್ತೆ. ಕೆಎ 57 ಎಫ್, ಕೆಎ 01 ಎಫ್, ಹೀಗೆ. ತೆಲಂಗಾಣ, ಆಂಧ್ರದವರ ಬಸ್ಸಿಗೆ 'ಝಡ್'.

ಬಳ್ಳಾರಿ_ಬಿಸಿಲು
ಆ ಝಡ್ ನಿಜಾಮರ ತಾಯಿ ಝಹ್ರಾ ಬೇಗಂ ಹೆಸರಿನದು ಅಂತ ಹೈದರಾಬಾದಿನಲ್ಲಿ ಎಲ್ಲರೂ ಹೇಳ್ತಾರೆ. ಅಲ್ಲಿನ ಸರ್ಕಾರಿ ಬಸ್ಸು ಶುರುವಾಗಿದ್ದೇ ನಿಜಾಮರ ರೈಲ್ವೆಯ ಕೆಳಗೆ. 1932ರಲ್ಲಿ 27 ಬಸ್ಸು. ಕಲಬುರಗಿ, ಬೀದರ್, ರಾಯಚೂರು ಆಗ ಆ ರಾಜ್ಯದಲ್ಲೇ ಇದ್ದವು. ಹಾಗಾಗಿ ನಮ್ಮ ಭಾಗದ ಸರ್ಕಾರಿ ಬಸ್ಸಿನ ಕತೆ ಮೈಸೂರಿನದಕ್ಕಿಂತ ಹಳೆಯದು. ಅದನ್ನೂ ಬರೆಯಬೇಕಿತ್ತು ನೀವು.

ಮಂಡ್ಯ_ಕಬ್ಬು
ಬಿಟಿಎಸ್ ಮರೆತುಬಿಟ್ರಾ? ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್. ಜನ 'ಬಿಟ್ರೆ ತಿರುಗಾ ಸಿಗಲ್ಲ' ಅಂತಿದ್ರು. ಈಗ ನನ್ನ ಮಗಳಿಗೆ ಬಿಟಿಎಸ್ ಅಂದ್ರೆ ಕೊರಿಯಾದ ಹಾಡಿನ ಹುಡುಗರು.

ಚಿಪ್_ಕೆಲಸ
ನಮ್ಮ ಕೆಲಸದಲ್ಲಿ ಆರ್‌ಟಿಸಿ ಅಂದ್ರೆ ರಿಯಲ್ ಟೈಮ್ ಕ್ಲಾಕ್. ಕಂಪ್ಯೂಟರ್ ಆಫ್ ಮಾಡಿ ಒಂದು ವಾರ ಬಿಟ್ಟು ಆನ್ ಮಾಡಿದರೂ ಟೈಮ್ ಸರಿಯಾಗಿ ತೋರಿಸುತ್ತಲ್ಲ, ಅದರ ಹಿಂದೆ ಇರೋದು ಇದೇ. ಒಂದು ಸಣ್ಣ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಆ ಸಂಖ್ಯೆ ಸುಮ್ನೆ ಇಟ್ಟಿದ್ದಲ್ಲ. ಅದನ್ನು 15 ಸಲ ಅರ್ಧ ಮಾಡಿದರೆ ಸರಿಯಾಗಿ 1 ಬರುತ್ತೆ, ಅಂದರೆ ಒಂದು ಸೆಕೆಂಡ್. ಅರ್ಧ ಮಾಡೋ ಸರ್ಕ್ಯೂಟ್ ಕಟ್ಟೋದು ತುಂಬ ಸುಲಭ. ಹಳೆ ಕಂಪ್ಯೂಟರ್ ಆನ್ ಮಾಡಿದಾಗ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗಿದ್ದರೆ ಒಳಗಿನ ಬಟನ್ ಸೆಲ್ ಮುಗಿದಿದೆ ಅಂತ ಅರ್ಥ. ಸಾಮಾನ್ಯವಾಗಿ ಸಿಆರ್ 2032. ಅಂಗಡಿಯಲ್ಲಿ ಆ ನಂಬರ್ ಹೇಳಿದರೆ ಕೊಡ್ತಾರೆ. 20 ಅಂದ್ರೆ ಅಗಲ 20 ಮಿಲಿಮೀಟರ್, 32 ಅಂದ್ರೆ ದಪ್ಪ 3.2 ಮಿಲಿಮೀಟರ್.

ಬ್ರೌಸರಿನಲ್ಲಿ ವಿಡಿಯೋ ಕಾಲ್ ಮಾಡ್ತೀರಲ್ಲ, ಅದರ ಹಿಂದಿರೋ ವೆಬ್‌ಆರ್‌ಟಿಸಿ ಮತ್ತೆ ಬೇರೆ. ಅಲ್ಲಿ ಸಿ ಅಂದ್ರೆ ಕಮ್ಯುನಿಕೇಷನ್.

ಇತಿಹಾಸ_ಮೇಷ್ಟ್ರು
ಪದವಿ ಪರೀಕ್ಷೆಗೆ ಇತಿಹಾಸ ಓದುವ ಮಕ್ಕಳ ನೋಟ್ಸಿನಲ್ಲಿ ಆರ್‌ಟಿಸಿ ಅಂದರೆ ರೌಂಡ್ ಟೇಬಲ್ ಕಾನ್ಫರೆನ್ಸ್. 1930ರಿಂದ 1932ರವರೆಗೆ ಲಂಡನ್ನಿನಲ್ಲಿ ನಡೆದ ಮೂರು ದುಂಡುಮೇಜಿನ ಪರಿಷತ್ತುಗಳು. ಕಾಂಗ್ರೆಸ್ ಪರವಾಗಿ ಗಾಂಧೀಜಿ ಹೋಗಿದ್ದು ಎರಡನೆಯದಕ್ಕೆ ಮಾತ್ರ. ಅಂಬೇಡ್ಕರ್ ಮೂರಕ್ಕೂ ಹೋಗಿದ್ದರು. ಮೈಸೂರಿನ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಕೂಡ ಲಂಡನ್ನಿನ ಆ ಮೇಜಿಗೆ ಕೂತವರು.

ಮಂಡ್ಯ_ಕಬ್ಬು
ಪಹಣಿ ಕೇಳಿದ ಪಾಪದ ಮನುಷ್ಯನನ್ನು ಲಂಡನ್ನಿಗೆ ಕರ್ಕೊಂಡು ಹೋದ್ರಲ್ಲ ಮೇಷ್ಟ್ರೇ.

ಕರಾವಳಿ_ಗಾಳಿ
ಎಲ್ಲ ಆರ್‌ಟಿಸಿಗಳೂ ಇರಲಿ. ತುಂಗಾತೀರ ಅವರು ಕೇಳಿದ್ದು ಟಿ ಬಗ್ಗೆ. ನಮ್ಮ ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಮನೆಗಳ ಪಾಲಿಗೆ ಆ ಒಂದು ಅಕ್ಷರವೇ ಎಲ್ಲ. ಅದನ್ನು ಹೇಳದೆ ಬಿಡೋಕೆ ಆಗಲ್ಲ.

ನಮ್ಮ ಊರುಗಳಲ್ಲಿ ಆಗ ಉಳುವವರಲ್ಲಿ ತುಂಬ ಜನ ಗೇಣಿ ಒಕ್ಕಲುಗಳಾಗಿದ್ದರು. ಮೂಲಗೇಣಿ ಅಂದರೆ ತಲೆಮಾರಿನಿಂದ ತಲೆಮಾರಿಗೆ ಹೋಗುವ ಗೇಣಿ. ಚಾಲಗೇಣಿ ಅಂದರೆ ಧಣಿ ಬಿಡು ಅಂದರೆ ಬಿಡಬೇಕು. ಬೆಳೆದ ಭತ್ತ ಅಂಗಳದಿಂದ ನೇರ ಧಣಿಗಳ ಮನೆಗೆ ಹೋಗುತ್ತಿತ್ತು. ದೇವರಾಜ ಅರಸು ಅವರ ಕಾಲದಲ್ಲಿ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ಅವರಿಗೇ ಕೊಡಬೇಕು. ನಮ್ಮಲ್ಲಿ ಹಳಬರು ಈಗಲೂ ಅದನ್ನು 'ಡಿಕ್ಲರೇಷನ್' ಅಂತಲೇ ಕರೆಯುತ್ತಾರೆ. ಡಿಕ್ಲರೇಷನ್ನಿಗೆ ಮುಂಚೆ, ಡಿಕ್ಲರೇಷನ್ ಆದ ಮೇಲೆ ಅಂತಲೇ ಅವರು ಕಾಲ ಲೆಕ್ಕ ಹಾಕೋದು.

ಮಂಡಳಿ ಮುಂದೆ ಕೇಳುತ್ತಿದ್ದ ಪ್ರಶ್ನೆ ಒಂದೇ. ಆ ತಾರೀಕಿಗೆ ಮುಂಚೆ ಈ ಜಮೀನನ್ನು ಗೇಣಿಗೆ ಉಳುತ್ತಿದ್ದವರು ಯಾರು? ಅದಕ್ಕೆ ದೊಡ್ಡ ಸಾಕ್ಷಿ ಪಹಣಿಯ ಸಾಗುವಳಿದಾರರ ಕಾಲಂ. ಅಲ್ಲಿ ಹೆಸರು ಇದ್ದವರು ಎದೆ ಎತ್ತಿ ನಿಂತರು. ಹೆಸರಿಲ್ಲದೆ 'ಸ್ವಂತ' ಅಂತ ಧಣಿಯ ಹೆಸರಿನಲ್ಲೇ ಬರೆದಿದ್ದರೆ, ಗೇಣಿ ಚೀಟಿ ಹುಡುಕಬೇಕು, ನೆರೆಯವರನ್ನು ಸಾಕ್ಷಿಗೆ ಕರೆತರಬೇಕು. ಆ ನೆರೆಯವನೂ ಅದೇ ಧಣಿಯ ಒಕ್ಕಲು ಆಗಿದ್ದರೆ? ನಮ್ಮ ಅಜ್ಜಿ ಓದು ಬರಹ ಕಲಿತವರಲ್ಲ. ಆದರೆ ಪಹಣಿಯಲ್ಲಿ ಅಜ್ಜನ ಹೆಸರು ಯಾವ ಸಾಲಿನಲ್ಲಿದೆ ಅಂತ ಬೆರಳಿಟ್ಟು ತೋರಿಸುತ್ತಿದ್ದರು.

ಹಾಗಾಗಿ ನಿಮ್ಮ ಜಮೀನಿನಲ್ಲಿ ಗೇಣಿದಾರರು ಇಲ್ಲದಿದ್ದರೂ ಆ ಕಾಲಂ ಇರಲೇಬೇಕು. ಗೇಣಿ ಇಲ್ಲ ಅಂತ ಹೇಳೋದಕ್ಕೂ ಒಂದು ಜಾಗ ಬೇಕಲ್ಲ.

ತುಂಗಾತೀರ
ಕರಾವಳಿ_ಗಾಳಿ ಅವರೇ, ಇಷ್ಟು ವಿಷಯ ಇದೆ ಅಂತ ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ನಮ್ಮ ಪಹಣಿಯಲ್ಲೂ ಸಾಗುವಳಿ ಪದ್ಧತಿ ಅನ್ನೋ ಕಡೆ 'ಸ್ವಂತ' ಅಂತಿದೆ.

ಜವಾರಿ_ಜೋಳ
ನಿಮ್ಮದು ನಿಜವಾಗಲೂ ಸ್ವಂತ. ಆದರೆ ರಾಜ್ಯದ ತುಂಬ ಆ 'ಸ್ವಂತ' ನಿಜ ಅಲ್ಲ. ಭೂಸುಧಾರಣೆ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಸೈನಿಕರು, ನಾವಿಕರನ್ನು ಬಿಟ್ಟು ಬೇರೆಯವರು ಜಮೀನು ಗೇಣಿಗೆ ಕೊಡೋ ಹಾಗಿಲ್ಲ. ಕೊಡೋದು ನಿಂತಿದೆಯಾ? ಇಲ್ಲ. ನಮ್ಮಲ್ಲಿ ಲಾವಣಿ ಅಂತಾರೆ, ಪಾಲಿಗೆ ಅಂತಾರೆ. ಮೈಸೂರು ಕಡೆ ಗುತ್ತಿಗೆ, ವಾರ ಅಂತಾರೆ. ಮಾಲೀಕರು ಬೆಂಗಳೂರಲ್ಲೋ ಪುಣೆಯಲ್ಲೋ ಇರ್ತಾರೆ. ಹೊಲ ಮಾಡೋರು ಊರಲ್ಲಿ. ಎಲ್ಲ ಬಾಯಿ ಮಾತಿನ ಮೇಲೆ. ಕಾಗದ ಮಾಡಿದರೆ ಜಮೀನೇ ಹೋಗುತ್ತೆ ಅಂತ ಮಾಲೀಕರಿಗೆ 1974ರ ಹೆದರಿಕೆ ಇನ್ನೂ ಇದೆ.

ಮಳೆ ಕೈ ಕೊಟ್ಟಾಗ ನೋಡಿ. ಬೆಳೆ ಹಾನಿ ಪರಿಹಾರ ಪಹಣಿಯಲ್ಲಿ ಹೆಸರು ಇರೋರ ಖಾತೆಗೆ ಹೋಗುತ್ತೆ. ಬೀಜ, ಗೊಬ್ಬರ, ಆಳಿಗೆ ಸಾಲ ಮಾಡಿ ಹಾಕಿದವನಿಗೆ ಏನೂ ಇಲ್ಲ. ಬೆಂಬಲ ಬೆಲೆಗೆ ತೊಗರಿ ಹಾಕೋಕೆ ಹೋದರೆ ಫ್ರೂಟ್ಸ್ ನಂಬರ್, ಅಂದರೆ ಸರ್ಕಾರದ ರೈತ ನೋಂದಣಿ ನಂಬರ್ ಕೇಳ್ತಾರೆ. ಅದು ಪಹಣಿಗೆ ಜೋಡಿಸಿರೋದು. ಲಾವಣಿ ಮಾಡಿದವನು ಮಾಲೀಕನ ಕೈಕಾಲು ಹಿಡಿದು ಅವನ ನಂಬರಿನಲ್ಲೇ ಹಾಕಬೇಕು, ದುಡ್ಡು ಅವನ ಖಾತೆಯಿಂದಲೇ ವಾಪಸ್ ತಗೋಬೇಕು. ಒಳ್ಳೆ ಮಾಲೀಕನಾದರೆ ಕೊಡ್ತಾನೆ. ನಮ್ಮಣ್ಣನಿಗೆ ಒಬ್ಬರು ಕೊಡಲಿಲ್ಲ.

ಮಂಡ್ಯ_ಕಬ್ಬು
ಹಾಗಂತ ಗುತ್ತಿಗೆಯವನ ಹೆಸರು ಪಹಣಿಗೆ ಹಾಕಿದರೆ ನಾಳೆ ಜಮೀನು ನಂದೇ ಅಂತಾನೆ. ಕಷ್ಟಪಟ್ಟು ಉಳಿಸಿಕೊಂಡ ಎರಡು ಎಕರೆ ಕಳ್ಕೊಳ್ಳೋಕೆ ಯಾರಿಗೆ ಧೈರ್ಯ ಇದೆ? ಮಾಲೀಕರೆಲ್ಲ ಧಣಿಗಳಲ್ಲ ಸ್ವಾಮಿ. ನಮ್ಮಂಥ ಸಣ್ಣವರೂ ಇದ್ದೀವಿ.

ಜವಾರಿ_ಜೋಳ
ನಿಮ್ಮ ಎರಡು ಎಕರೆ ನಿಮ್ಮದೇ ಇರಲಿ ಅಣ್ಣ. ಹಕ್ಕು ಕೇಳ್ತಿಲ್ಲ. ಆ ವರ್ಷದ ಬೆಳೆ ಯಾರದ್ದು ಅಂತ ಬರೀರಿ ಅಷ್ಟೇ. ಕಾಲಂ 9 ಮುಟ್ಟಬೇಡಿ, ಕಾಲಂ 12ರಲ್ಲಿ ನಿಜ ಬರೀರಿ.

ಕೋರ್ಟ್_ಅಂಗಳ
ವಕೀಲೆಯಾಗಿ ಒಂದು ಮಾತು ಸೇರಿಸ್ತೀನಿ. ಪಹಣಿಯಲ್ಲಿ ಹೆಸರು ಇದ್ದರೆ ಜಮೀನು ನಂದು ಅಂತ ಎಷ್ಟೋ ಜನ ನಂಬಿ ಬರ್ತಾರೆ. ಹಾಗಲ್ಲ. ಭೂಕಂದಾಯ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ ಪಹಣಿಯ ನಮೂದು ತಪ್ಪು ಅಂತ ಸಾಬೀತಾಗುವವರೆಗೆ ಅಥವಾ ಕ್ರಮವಾಗಿ ಬದಲಾಗುವವರೆಗೆ ಸರಿ ಅಂತ ಇಟ್ಟುಕೊಳ್ಳಬೇಕು. ಅಷ್ಟೇ. ಮಾಲೀಕತ್ವ ಬರೋದು ಕ್ರಯಪತ್ರ, ವಿಭಾಗಪತ್ರ, ಉಯಿಲು, ಮಂಜೂರಾತಿ, ವಾರಸುದಾರಿಕೆ ಇಂಥವುಗಳಿಂದ. ಖಾತೆ ಬದಲಾವಣೆಯಿಂದ ಹಕ್ಕು ಹುಟ್ಟಲ್ಲ, ಅದು ಕಂದಾಯ ಯಾರಿಂದ ವಸೂಲಿ ಮಾಡಬೇಕು ಅನ್ನೋದಕ್ಕೆ ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ.

ತುಂಗಾತೀರ ಅವರೇ, ನಿಮ್ಮ ಅಜ್ಜನಿಗೆ ಎಷ್ಟು ಮಕ್ಕಳು? ಅತ್ತೆಯರಿದ್ದರೆ ಅವರ ಹೆಸರೂ ವಂಶವೃಕ್ಷದಲ್ಲಿ ಇರಲೇಬೇಕು. ಗಂಡು ಮಕ್ಕಳ ಹೆಸರು ಮಾತ್ರ ಬರೆದು ಪೌತಿ ಖಾತೆ ಮಾಡಿಸಿ, ಆಮೇಲೆ ವರ್ಷಗಟ್ಟಲೆ ಕೋರ್ಟಿಗೆ ಓಡಾಡೋ ಮನೆಗಳನ್ನು ದಿನಾ ನೋಡ್ತೀನಿ.

ದುಬೈ_ಕನ್ನಡತಿ
ಇದನ್ನು ಎಲ್ಲರೂ ಓದಬೇಕು ಮೇಡಂ. ನಮ್ಮಮ್ಮನ ತವರಿನಲ್ಲಿ ಹೀಗೇ ಆಯಿತು.

ಇತಿಹಾಸ_ಮೇಷ್ಟ್ರು
ಕೈಬರಹದ ಕಾಲದಲ್ಲಿ ಈ ಕಾಲಂಗಳನ್ನು ಬರೆಯೋ ಅಧಿಕಾರ ಯಾರ ಕೈಯಲ್ಲಿತ್ತು ಅನ್ನೋದನ್ನೂ ನೋಡಬೇಕು. ಮೊದಲು ಶಾನುಭೋಗರು, ಉತ್ತರದಲ್ಲಿ ಕುಲಕರ್ಣಿಗಳು. ವಂಶದಿಂದ ವಂಶಕ್ಕೆ ಬರುತ್ತಿದ್ದ ಹುದ್ದೆ. 1961ರ ಕಾಯ್ದೆ ಆ ಪದ್ಧತಿಯನ್ನು ರದ್ದು ಮಾಡಿತು. ಆಮೇಲೆ ಗ್ರಾಮ ಲೆಕ್ಕಿಗರು ಬಂದರು. ಪುಸ್ತಕ ಅವರ ಹತ್ತಿರ, ಊರಿನವರ ಹಣೆಬರಹವೂ ಅವರ ಹತ್ತಿರ.

ಕಂದಾಯ_ನಿವೃತ್ತ
ಆ ಹಿಡಿತ ತಪ್ಪಿದ್ದು ಭೂಮಿ ಯೋಜನೆಯಿಂದ. 2000ದ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರು ಮುಂದೆ ನಿಂತು ಮಾಡಿಸಿದರು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋಯಿತು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಅಲ್ಲೇ ಪ್ರಿಂಟ್ ಸಿಗುತ್ತಿತ್ತು. ಅದಕ್ಕೆ ಮುಂಚೆ ರೈತ ಪಹಣಿಗಾಗಿ ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯಬೇಕಿತ್ತು. ನಾನು ಆ ಕಡೆ ಕೂತಿದ್ದವನು. ಆ ಬದಲಾವಣೆ ಆಗಲೇಬೇಕಿತ್ತು ಅಂತ ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಆದರೆ ಕೈಬರಹದಲ್ಲಿದ್ದ ತಪ್ಪುಗಳೂ ಹಾಗೇ ಒಳಗೆ ಹೋದವು. ಹೆಸರಿನ ಒಂದು ದೀರ್ಘ ತಪ್ಪಿದರೂ ತಿದ್ದುಪಡಿಗೆ ಜನ ಓಡಾಡುತ್ತಾರೆ.

ಚಿಪ್_ಕೆಲಸ
ಪಹಣಿಯಲ್ಲಿ ವಿಸ್ತೀರ್ಣ 1-20-08 ಅಂತ ಬರುತ್ತಲ್ಲ, ಅದು ಹೇಗೆ ಓದೋದು? ಅಪ್ಪನನ್ನು ಕೇಳಿದರೆ ಬೈತಾರೆ.

ಮಂಡ್ಯ_ಕಬ್ಬು
1 ಎಕರೆ, 20 ಗುಂಟೆ, 8 ಆಣೆ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಒಂದು ಗುಂಟೆ ಅಂದ್ರೆ 33 ಅಡಿ ಇಂಟು 33 ಅಡಿ, 1,089 ಚದರ ಅಡಿ. ಖರಾಬು ಕಳೆದು ನೋಡಿ. ಎ ಖರಾಬು ಬಂಡೆ, ಕಲ್ಲು ಅಂತ ಬೆಳೆಯೋಕೆ ಆಗದ್ದು. ಬಿ ಖರಾಬು ದಾರಿ, ಹಳ್ಳ ಅಂತ ಸಾರ್ವಜನಿಕರಿಗೆ ಬಿಟ್ಟಿದ್ದು. ಜಮೀನು ಕೊಳ್ಳುವಾಗ ಬಿ ಖರಾಬಿಗೂ ದುಡ್ಡು ಕೊಟ್ಟು ಬರಬೇಡಿ.

ಬಳ್ಳಾರಿ_ಬಿಸಿಲು
ಅಕ್ಷರದ ಗೊಂದಲ ಇದೊಂದರಲ್ಲೇ ಅಲ್ಲ. ಪಿಯುಸಿ ಅಂದ್ರೆ ಕಾಲೇಜು, ಗಾಡಿಯವರಿಗೆ ಹೊಗೆ ಸರ್ಟಿಫಿಕೇಟ್. ಇಸಿ ಅಂದ್ರೆ ಋಣಭಾರ ಪತ್ರ, ಟಿವಿಯಲ್ಲಿ ಚುನಾವಣಾ ಆಯೋಗ. ಎಂಆರ್ ಅಂದ್ರೆ ತಾಲ್ಲೂಕು ಕಚೇರಿಯಲ್ಲಿ ಮ್ಯುಟೇಷನ್ (ಖಾತೆ ಬದಲಾವಣೆ) ರಿಜಿಸ್ಟರ್, ಆಸ್ಪತ್ರೆಯಲ್ಲಿ ಮೆಡಿಕಲ್ ರೆಪ್.

ತುಂಗಾತೀರ
ಕಂದಾಯ_ನಿವೃತ್ತ ಸಾರ್, ಹಳೆ ಕೈಬರಹದ ಪಹಣಿ ಸಿಗುತ್ತಾ? 1974ರ ಹಿಂದಿನದು. ಅಜ್ಜನ ಹೆಸರು ಕಾಲಂ 9ಕ್ಕೆ ಹೇಗೆ ಬಂತು ಅಂತ ನೋಡಬೇಕು. ಅಪ್ಪನಿಗೆ ಎರಡು ಜನ ಅಕ್ಕಂದಿರು, ಅವರ ಹೆಸರೂ ವಂಶವೃಕ್ಷಕ್ಕೆ ಹಾಕಿಸ್ತೀವಿ.

ಕಂದಾಯ_ನಿವೃತ್ತ
ಸಿಗುತ್ತೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲಿನ ಅರ್ಜಿ ಕೊಡಿ. ಊರು, ಸರ್ವೆ ನಂಬರ್, ಹಿಸ್ಸಾ (ಭಾಗದ) ನಂಬರ್, ಯಾವ ಸಾಲಿನಿಂದ ಯಾವ ಸಾಲಿನವರೆಗೆ ಬೇಕು ಅಂತ ಸ್ಪಷ್ಟವಾಗಿ ಬರೆಯಿರಿ. ಜಮೀನು ನಡುವೆ ಪೋಡಿ ಆಗಿದ್ದರೆ, ಅಂದರೆ ಸರ್ವೆ ನಂಬರ್ ಒಡೆದು ಭಾಗ ಆಗಿದ್ದರೆ, ಹಳೆ ನಂಬರ್ ಬೇರೆ ಇರುತ್ತೆ, ಅದನ್ನು ಮೊದಲು ತಿಳಿದುಕೊಳ್ಳಿ. ಕಾಲಂ 10ರಲ್ಲಿ ಎಂಆರ್ ನಂಬರ್ ಸಿಕ್ಕರೆ ಅದರ ನಕಲನ್ನೂ ಕೇಳಿ. ಈಗ ಭೂಸುರಕ್ಷಾ ಅಂತ ಹಳೆ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ತಾಲ್ಲೂಕಿನಲ್ಲಿ ಅದು ಮುಗಿದಿದ್ದರೆ ಕೆಲಸ ಇನ್ನೂ ಸುಲಭ.

ಕರಾವಳಿ_ಗಾಳಿ
ನಕಲು ಬಂದ ಮೇಲೆ ಕಾಲಂ 12 ಕೂಡ ಓದಿ. ಬೇರೆ ಯಾರಾದರೂ ಉಳುತ್ತಿದ್ದರೆ ಅವರ ಹೆಸರು ಅಲ್ಲೇ ಇರುತ್ತೆ.

ಜವಾರಿ_ಜೋಳ
ಮತ್ತೆ ಈ ಸಲದ ಬೆಳೆ ಸಮೀಕ್ಷೆ ನೀವೇ ಮೊಬೈಲಿನಲ್ಲಿ ಮಾಡಿ, ಹೊಲದಲ್ಲೇ ನಿಂತು ಫೋಟೋ ತೆಗೆದು ಹಾಕಿ. ಕಡಲೆ ಇದ್ದರೆ ಕಡಲೆ ಅಂತಲೇ ಬರಲಿ.